ಹಿಡಿದುಕೊಳ್ಳುವ ಕೈ: ಪ್ಲಾಸ್ಟರ್ ಹಾಕಿದ ಆರು ವಾರಗಳ ಕೆಲಸದ ಟಿಪ್ಪಣಿ

ದಿನ 1ರಿಂದ 3

ಏಣಿಯ ಕೊನೆಯ ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟೆ, ಇನ್ನೂ ಒಂದು ಉಳಿದಿತ್ತು. ಬೀಳುವಾಗ ಎಡ ಅಂಗೈ ಊರಿದೆ. ಮಣಿಕಟ್ಟಿನ ಹತ್ತಿರ ರೇಡಿಯಸ್ ಮೂಳೆ ಮುರಿದಿದೆ, ಆದರೆ ಜಾಗ ಬಿಟ್ಟು ಸರಿದಿಲ್ಲ. ಆಪರೇಷನ್ ಬೇಡ, ಮೊಣಕೈ ಕೆಳಗಿನಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರ್, ಸುಮಾರು 6 ವಾರ.

"ಎಡಗೈ ತಾನೇ, ಸದ್ಯ!" ಅಂದರು ಇವರು. ಫೋನ್ ಮಾಡಿದವರೆಲ್ಲರ ಮಾತೂ ಅದೇ. ನಾನು ಬರೆಯುವುದು, ತಿನ್ನುವುದು, ಗರಗಸ ಹಿಡಿಯುವುದು ಎಲ್ಲ ಬಲಗೈಯಲ್ಲಿ. ಹಾಗಾಗಿ ನನಗೂ ಅದು ನಿಜ ಅನ್ನಿಸಿತ್ತು. ಎರಡನೇ ದಿನ ಒಂದು ಕಾಗದಕ್ಕೆ ಸಹಿ ಹಾಕಲು ಕೂತಾಗ ಆ ನಂಬಿಕೆ ಮುರಿಯಿತು. ಪೆನ್ನು ಊರಿದರೆ ಕಾಗದ ಪೆನ್ನಿನ ಜೊತೆಗೇ ಹೊರಟಿತು. ಇಷ್ಟು ವರ್ಷ ಬರೆದದ್ದು ಬಲಗೈ, ಕಾಗದವನ್ನು ಅಲ್ಲಾಡದಂತೆ ಒತ್ತಿ ಹಿಡಿದದ್ದು ಎಡಗೈ. ಅದನ್ನು ನಾನು ಒಂದು ಕೆಲಸವೆಂದು ಎಣಿಸಿಯೇ ಇರಲಿಲ್ಲ.

ಆ ಗಡಿಬಿಡಿಯಲ್ಲಿ ಒಂದು ತಪ್ಪು ಮಾಡಿದೆ. ಕಾಗದದ ಅಂಚಿನ ಮೇಲೆ ಪ್ಲಾಸ್ಟರನ್ನೇ ಭಾರವಾಗಿ ಊರಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದರೆ ಜಿಪ್ಸಮ್ ಕಲ್ಲನ್ನು ಕಾಯಿಸಿ, ಅದರೊಳಗಿನ ನೀರನ್ನು ಬಹುಪಾಲು ಓಡಿಸಿದ ಪುಡಿ. ಒದ್ದೆಯಾದೊಡನೆ ಕಳಕೊಂಡ ನೀರನ್ನು ವಾಪಸು ಸೇರಿಸಿಕೊಂಡು ಮತ್ತೆ ಕಲ್ಲಾಗುತ್ತದೆ. ಕಟ್ಟುವಾಗ ಕೈ ಬಿಸಿಯೇರುವುದು ಅದಕ್ಕೇ. ಈ ಪುಡಿ ಹಚ್ಚಿದ ಬಟ್ಟೆಪಟ್ಟಿಯನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಬೇಕಾದಾಗ ನೀರಲ್ಲದ್ದಿ ಸುತ್ತುವ ಕ್ರಮವನ್ನು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸೆನ್ 1852ರಲ್ಲಿ ಪ್ರಕಟಿಸಿದ. ಇಂದಿಗೂ ಹೆಚ್ಚುಕಡಿಮೆ ಅದೇ ಕ್ರಮ. ಹೊರಗಿನಿಂದ ಕೆಲವೇ ನಿಮಿಷದಲ್ಲಿ ಗಟ್ಟಿಯಾದರೂ ಒಳಗಿನ ತೇವ ಪೂರ್ತಿ ಆರಲು ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಒತ್ತಿದರೆ ಗುಣಿ ಬೀಳುತ್ತದೆ. ಆ ಗುಣಿ ಒಳಗಿನಿಂದ ಚರ್ಮವನ್ನು ಒಂದೇ ಕಡೆ ಒತ್ತಿ ಹುಣ್ಣು ಮಾಡಬಹುದು. ನನ್ನದು ಅಂಗೈ ಕಡೆಯ ಅಂಚಿನಲ್ಲಿ ಬಿರುಕು ಬಿಟ್ಟಿತು. ಮರುದಿನ ಹೋಗಿ ತೋರಿಸಿ, ಆ ಭಾಗ ಬಿಚ್ಚಿ ಹೊಸದಾಗಿ ಸುತ್ತಿಸಿಕೊಂಡು ಬಂದೆ. ಆರಿದ ಮೇಲೂ ಪ್ಲಾಸ್ಟರ್ ಸುತ್ತಿಗೆಯಲ್ಲ, ತೂಕದ ಕಲ್ಲಲ್ಲ. ಈ ಟಿಪ್ಪಣಿಯಲ್ಲಿ ಮುಂದೆ ಬರುವ ಯಾವ ಸಾಧನದಲ್ಲೂ ಮುರಿದ ಕೈಗೆ ಭಾರ ಇಲ್ಲ. ಅದನ್ನು ಮೊದಲ ನಿಯಮವಾಗಿ ಇಟ್ಟುಕೊಂಡೆ.

ಮೊದಲ ಮೂರು ದಿನ ಮಾಡಿದ್ದು ಇಷ್ಟೇ: ಕೈಯನ್ನು ದಿಂಬುಗಳ ಮೇಲೆ ಎದೆಗಿಂತ ಎತ್ತರದಲ್ಲಿಟ್ಟುಕೊಂಡು ಮಲಗುವುದು, ಎಚ್ಚರವಿದ್ದಾಗೆಲ್ಲ ಬೆರಳು ಮಡಚಿ ಬಿಡಿಸುವುದು. ಉಂಗುರ ಮೊದಲೇ ತೆಗೆದಿದ್ದೆ, ಬಾವು ಏರಿದ ಮೇಲೆ ಅದು ಬರುವುದಿಲ್ಲ. ನೋವು ಇಳಿಯುವ ಬದಲು ಏರುತ್ತಾ ಹೋದರೆ, ಬೆರಳು ಬಿಳಚಿದರೆ ಅಥವಾ ನೀಲಿಗಟ್ಟಿದರೆ, ಜೋಮು ಹಿಡಿದು ಅಲ್ಲಾಡಿಸಲಾಗದಿದ್ದರೆ ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಹೊರಡಬೇಕು. ಒಳಗಿನ ಒತ್ತಡದಿಂದ ಸ್ನಾಯುವಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಕೈಗೆ ಶಾಶ್ವತ ಹಾನಿಯಾಗಬಹುದು. ಇದನ್ನು ಮಗಳಿಗೂ ಹೇಳಿಕೊಟ್ಟಿದ್ದೆ. ಅವಳು ಶಾಲೆಯಿಂದ ಬಂದಾಗೆಲ್ಲ ನನ್ನ ಬೆರಳಿನ ಉಗುರು ಒತ್ತಿ, ಬಿಟ್ಟ ಮೇಲೆ ಬಣ್ಣ ಮರಳುತ್ತದೆಯೋ ನೋಡುತ್ತಿದ್ದಳು.

ದಿನ 4

ಒಂದು ಹಾಳೆ ತೆಗೆದುಕೊಂಡೆ (ಅದನ್ನು ಪರೀಕ್ಷೆಯ ಪ್ಯಾಡಿಗೆ ಕ್ಲಿಪ್ ಮಾಡಿ, ಪ್ಯಾಡಿನ ಅಡಿಗೆ ಹಳೆಯ ರಬ್ಬರ್ ಚಾಪೆಯ ತುಂಡು ಅಂಟಿಸಿ). ಬೆಳಗಿನಿಂದ ರಾತ್ರಿಯವರೆಗೆ ಯಾರನ್ನಾದರೂ ಕೂಗಿ ಕರೆಯಬೇಕಾದ ಕೆಲಸಗಳನ್ನೆಲ್ಲ ಬರೆದೆ. ಡಬ್ಬಿಯ ಮುಚ್ಚಳ. ಆಲೂಗಡ್ಡೆ ಸಿಪ್ಪೆ. ಬ್ರಷ್ಷಿಗೆ ಪೇಸ್ಟ್. ಒದ್ದೆ ಬಟ್ಟೆ ಹಿಂಡುವುದು. ಪುಸ್ತಕದ ಪುಟ ತೆರೆದಿಡುವುದು. ಬಲಗೈ ಉಗುರು. ಇಸ್ಪೀಟಿನ ಎಲೆ. ಷೂ ಲೇಸು. ಹೀಗೆ ಇಪ್ಪತ್ತಮೂರು.

ಪಟ್ಟಿಯನ್ನು ಎರಡು ಸಲ ಓದಿದ ಮೇಲೆ ಒಂದು ವಿಷಯ ಎದ್ದು ಕಂಡಿತು. ಬಹುಪಾಲು ಕೆಲಸದಲ್ಲಿ ತಿರುಗಿಸುವುದು, ಹೆರೆಯುವುದು, ಕೊಯ್ಯುವುದು ಬಲಗೈಗೆ ಗೊತ್ತಿರುವುದೇ. ಕೊರತೆ ಇರುವುದು ಎದುರಿನ ವಸ್ತು ಓಡಿಹೋಗದಂತೆ ಹಿಡಿಯುವವರದ್ದು. ಎಡಗೈ ಮನೆಯೊಳಗಿನ ಬೆಂಚ್ ವೈಸ್, ಅಂದರೆ ಬಡಗಿಯ ಮೇಜಿನ ಮೇಲೆ ಮರವನ್ನು ಬಿಗಿಹಿಡಿಯುವ ಇಕ್ಕಳ. ಹಾಗಾದರೆ ನನಗೆ ಬೇಕಾದದ್ದು ಇಪ್ಪತ್ತಮೂರು ಉಪಕರಣಗಳಲ್ಲ, ನಾಲ್ಕೈದು ಬಗೆಯ ಹಿಡಿತ. ಊರಿ ಹಿಡಿಯುವುದು, ಚುಚ್ಚಿ ಹಿಡಿಯುವುದು, ಸೀಳಿನಲ್ಲಿ ಸಿಕ್ಕಿಸಿ ಹಿಡಿಯುವುದು, ಮೂಲೆಗೆ ಒತ್ತಿ ಹಿಡಿಯುವುದು. ಮರದ ಚೂರುಗಳು ಅಟ್ಟದಲ್ಲಿ ಬೇಕಾದಷ್ಟಿದ್ದವು.

ಬಲಗೈ ತನಗೆ ತಾನು ಮಾಡಿಕೊಳ್ಳಲಾಗದ ಕೆಲಸಗಳು ಮಾತ್ರ ಬೇರೆ ಜಾತಿಯವು. ತನ್ನ ಉಗುರು, ತನ್ನ ತೋಳಿನ ಮಡಿಕೆ, ತನ್ನ ಕಂಕುಳು. ಅವುಗಳಿಗೆ ಒಂದು ಗೆರೆ ಎಳೆದು ಪಕ್ಕಕ್ಕಿಟ್ಟೆ.

ದಿನ 6: ಊರುಹಲಗೆ

ಹಿಡಿಯುವ ಸಾಧನ ಮಾಡಬೇಕಾದರೆ ಮರವನ್ನು ಹಿಡಿಯಬೇಕು. ಮೊದಲ ಸಾಧನ ಅದಕ್ಕೇ. ಬಡಗಿಗಳು ಬೆಂಚ್ ಹುಕ್ ಅನ್ನುವುದು. ನಾನು ಊರುಹಲಗೆ ಅಂತ ಕರೆದೆ, ಮನೆಯಲ್ಲೂ ಅದೇ ಹೆಸರು ನಿಂತಿತು.

ರಚನೆ ಬಹಳ ಸರಳ. 250 × 200 ಮಿ.ಮೀ. ಅಳತೆಯ, 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆ. ನನ್ನ ಕಡೆಯ ಅಂಚಿನ ಕೆಳಗೆ ಒಂದು ಅಡ್ಡಪಟ್ಟಿ, ಆಚೆ ಕಡೆಯ ಅಂಚಿನ ಮೇಲೆ ಇನ್ನೊಂದು. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಕೊಕ್ಕೆಯಂತೆ ಕೂರುತ್ತದೆ. ಮೇಲಿನ ಪಟ್ಟಿಗೆ ಮರದ ತುಂಡನ್ನು ತಾಗಿಸಿಟ್ಟು ಗರಗಸ ಮುಂದಕ್ಕೆ ದೂಡಿದರೆ, ದೂಡುವ ಬಲವೇ ತುಂಡನ್ನು ಪಟ್ಟಿಗೂ ಹಲಗೆಯನ್ನು ಮೇಜಿಗೂ ಒತ್ತುತ್ತದೆ. ಜೋರು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಮೇಲಿನ ಪಟ್ಟಿಯನ್ನು ಬಲಗಡೆ 20 ಮಿ.ಮೀ. ಕಡಿಮೆ ಬಿಟ್ಟೆ, ಗರಗಸ ಆಚೆ ಬಂದಾಗ ಮೇಜಿಗೆ ತಾಗದೆ ಹಲಗೆಗೇ ತಾಗಲಿ ಅಂತ.

ಮೊದಲ ತೊಡಕು ಕ್ಲಾಂಪ್, ತುಂಡನ್ನು ಮೇಜಿಗೆ ಬಿಗಿದು ಹಿಡಿಯುವ ಸಾಧನ. ಜಿ ಕ್ಲಾಂಪಿಗೆ ಎರಡು ಕೈ ಬೇಕು, ಒಂದು ಅದರ ಮೈ ಹಿಡಿಯಲು, ಇನ್ನೊಂದು ತಿರುಪು ತಿರುಗಿಸಲು. ನಾಲ್ಕು ಸಲ ಕಾಲಿನ ಮೇಲೆ ಬೀಳಿಸಿಕೊಂಡ ಮೇಲೆ ದಾರಿ ಸಿಕ್ಕಿತು. ಕುರ್ಚಿಯಲ್ಲಿ ಕೂತು, ಕ್ಲಾಂಪಿನ ಬೆನ್ನನ್ನು ತೊಡೆಯ ಮೇಲೆ ಊರಿ, ಮೊಣಕಾಲು ಸ್ವಲ್ಪ ಎತ್ತಿ ಮೇಜಿನ ಅಂಚಿಗೆ ತಂದು, ಆಮೇಲೆ ತಿರುಗಿಸುವುದು. ತೊಡೆ ಕೆಳಗಿನಿಂದ ಹಿಡಿದಿರುತ್ತದೆ. ಹಿಡಿಯನ್ನು ಅದುಮಿದರೆ ಬಿಗಿಯಾಗುವ ಬಗೆಯ ಕ್ಲಾಂಪ್ ಇದ್ದವರಿಗೆ ಈ ಕಷ್ಟವಿಲ್ಲ.

ಎರಡನೆಯದು ಗೆರೆ ಎಳೆಯುವುದು. ಸ್ಕೇಲು ಜಾರುತ್ತದೆ. ಅದರ ಬೆನ್ನಿಗೆ ಉಪ್ಪುಕಾಗದದ ಎರಡು ಸಣ್ಣ ಚೂರು ಅಂಟಿಸಿದೆ. ಬಲಗೈಯ ಕಿರುಬೆರಳು ಉಂಗುರಬೆರಳುಗಳಿಂದ ಸ್ಕೇಲು ಒತ್ತಿ, ಅದೇ ಕೈಯ ಹೆಬ್ಬೆರಳು ತೋರುಬೆರಳಿನಿಂದ ಪೆನ್ಸಿಲ್ ಹಿಡಿಯಲು ಬರುತ್ತದೆ. ಒಂದು ಗೇಣಿಗಿಂತ ಉದ್ದದ ಗೆರೆಗೆ ಸ್ಕೇಲನ್ನು ಸರಿಸಿ ಸರಿಸಿ ಎಳೆಯಬೇಕು.

ಮೂರನೆಯದು ನನಗೆ ನಿಜಕ್ಕೂ ಬೇಸರ ತಂದದ್ದು. ನನ್ನ ಇಷ್ಟದ ಗರಗಸ ಎಳೆದಾಗ ಕೊಯ್ಯುವ ಜಪಾನಿ ಮಾದರಿಯದು, ತೆಳುವಾಗಿ, ನೇರವಾಗಿ ಹೋಗುತ್ತದೆ. ಊರುಹಲಗೆಯ ಮೇಲೆ ಅದು ಕೆಲಸಕ್ಕೆ ಬಾರದು. ಎಳೆದಾಗ ತುಂಡು, ಹಲಗೆ ಎರಡೂ ನನ್ನ ಮಡಿಲಿಗೆ ಬಂದವು. ಹಳೆಯ, ದೂಡಿದಾಗ ಕೊಯ್ಯುವ ಗರಗಸವನ್ನೇ ಒರೆಸಿ ತೆಗೆದೆ. ಸಾಧನದ ಬಲ ಯಾವ ದಿಕ್ಕಿಗೋ ಹಿಡಿತವೂ ಅದೇ ದಿಕ್ಕಿಗೆ ಇರಬೇಕು. ಮುಂದಿನ ಎಲ್ಲ ಕೆಲಸದಲ್ಲೂ ಈ ಪಾಠ ಮತ್ತೆ ಮತ್ತೆ ಬಂತು.

ಸ್ಕ್ರೂ ಮತ್ತು ಮೊಳೆಗೆ ಮೊದಲು ಸಣ್ಣ ತೂತು ಕೊರೆದುಬಿಟ್ಟರೆ ಅವು ತಾವೇ ನಿಲ್ಲುತ್ತವೆ, ಹಿಡಿಯಲು ಬೆರಳು ಬೇಡ. ಬ್ಯಾಟರಿ ಡ್ರಿಲ್ ಒಂದೇ ಕೈಯಲ್ಲಿ ಆಗುತ್ತದೆ, ತುಂಡು ಕ್ಲಾಂಪಿನಲ್ಲಿ ಬಿಗಿಯಾಗಿದ್ದರೆ ಮಾತ್ರ. ತಿರುಗುವ ಬ್ಲೇಡಿನ ಯಂತ್ರಗಳನ್ನು ಈ ಆರು ವಾರ ಮುಟ್ಟಲಿಲ್ಲ. ನೋವಿನ ಮಾತ್ರೆ ತಿಂದು ಮಂಪರಿದ್ದ ದಿನ ಕೈಗರಗಸವನ್ನೂ ಮುಟ್ಟಲಿಲ್ಲ. ಮರದ ಪುಡಿ ಪ್ಲಾಸ್ಟರಿನೊಳಗೆ ಇಳಿದರೆ ತುರಿಕೆ ತಾಳಲಾಗದು, ಹಾಗಾಗಿ ಪ್ಲಾಸ್ಟರಿನ ಮೇಲೆ ಹಳೆಯ ಉದ್ದನೆಯ ಕಾಲುಚೀಲ ಎಳೆದುಕೊಳ್ಳುತ್ತಿದ್ದೆ. ಬೆರಳಿನ ಕಡೆ ಕತ್ತರಿಸಿ ತೆರೆದದ್ದು.

ಎರಡು ಕೈ ಇದ್ದಾಗ ಅರ್ಧ ಗಂಟೆಯ ಕೆಲಸ. ಅಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು. ಮುಗಿದಾಗ ಒಂದು ಪಟ್ಟಿಯನ್ನು ಊರುಹಲಗೆಯ ಮೇಲಿಟ್ಟು ಯಾರ ಸಹಾಯವೂ ಇಲ್ಲದೆ ಕೊಯ್ದೆ. ತುದಿ ಕಳಚಿ ನೆಲಕ್ಕೆ ಬಿದ್ದ ಸದ್ದಿಗೆ ಮನಸ್ಸು ಹಗುರವಾಯಿತು.

ದಿನ 9: ಚುಚ್ಚುಹಲಗೆ

ಅಡಿಗೆಮನೆಗೆ. ಇದಕ್ಕೆ ಪ್ಲೈವುಡ್ ಬೇಡ, ನೀರು ಕುಡಿದು ಅಂಚು ಉಬ್ಬುತ್ತದೆ. 300 × 220 ಮಿ.ಮೀ. ಗಟ್ಟಿ ಮರದ ಹಳೆಯ ಕತ್ತರಿಸುವ ಹಲಗೆಯನ್ನೇ ಬಳಸಿದೆ. ಅಡಿಯಲ್ಲಿ ಊರುಹಲಗೆಯ ಹಾಗೆಯೇ ಕೊಕ್ಕೆ ಪಟ್ಟಿ. ಒಂದು ಮೂಲೆಯಲ್ಲಿ 20 ಮಿ.ಮೀ. ಎತ್ತರದ ಎರಡು ಪಟ್ಟಿಗಳು ಲಂಬವಾಗಿ ಕೂಡುವಂತೆ. ಬ್ರೆಡ್ ತುಂಡನ್ನು ಆ ಮೂಲೆಗೆ ತಳ್ಳಿ ಬೆಣ್ಣೆ ಸವರಿದರೆ ಓಡಿಹೋಗುವುದಿಲ್ಲ. ಇನ್ನೊಂದು ಬದಿಯಲ್ಲಿ ಎರಡು ಸ್ಟೇನ್‌ಲೆಸ್ ಸ್ಟೀಲ್ ಮೊಳೆಗಳು, ನಡುವೆ 25 ಮಿ.ಮೀ. ಅಂತರ, ಮೊನೆ ಮೇಲಕ್ಕೆ. ಆಲೂಗಡ್ಡೆಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಿ, ಪೀಲರಿನಿಂದ ಹೆರೆದು, ತಿರುಗಿಸಿ ಮತ್ತೆ ಚುಚ್ಚುವುದು. ಒಂದೇ ಮೊಳೆ ಸಾಲದು, ತರಕಾರಿ ಬುಗುರಿಯಂತೆ ತಿರುಗುತ್ತದೆ.

ಮೊದಲ ಸಲ ಕೆಟ್ಟಿತು. ಹಲಗೆಯ ಅಡಿಯಿಂದ ಮೊಳೆ ಹೊಡೆದು ಮೊನೆ ಮೇಲೆ ಬರುವಂತೆ ಮಾಡಿದ್ದೆ. ಮೂರನೇ ಆಲೂಗಡ್ಡೆ ಒತ್ತುವಷ್ಟರಲ್ಲಿ ಮೊಳೆಗಳು ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿ ತಲೆ ಅಡಿಯಲ್ಲಿ ಹೊರಬಂತು. ಮತ್ತೆ ಅದೇ ದಿಕ್ಕಿನ ಪಾಠ: ತರಕಾರಿ ಒತ್ತುವುದು ಕೆಳಕ್ಕೆ, ಮೊಳೆಗೆ ಕೆಳಗೆ ಆಸರೆ ಇಲ್ಲ. ಮೊಳೆ ತಲೆ ಕೂರುವಷ್ಟು ಅಗಲಕ್ಕೆ ಅಡಿಯಲ್ಲಿ ಕೊರೆದು, ಅದರ ಮೇಲೆ ತೆಳು ಮರದ ಪಟ್ಟಿ ಸ್ಕ್ರೂ ಮಾಡಿ ಮುಚ್ಚಿದೆ. ಈಗ ಅಲ್ಲಾಡುವುದಿಲ್ಲ. ಬಳಸದಾಗ ಮೊನೆಗಳಿಗೆ ಬಾಟಲಿಯ ಬಿರಡೆ ಚುಚ್ಚಿಡುವುದು ಕಡ್ಡಾಯ. ಅದನ್ನು ಮಗಳ ಜವಾಬ್ದಾರಿಗೆ ಕೊಟ್ಟೆ, ಒಂದು ದಿನವೂ ಮರೆಯಲಿಲ್ಲ.

ಕತ್ತರಿಸಲು ಚಾಕುವನ್ನು ಎಳೆದಾಡುವುದಕ್ಕಿಂತ ಬಾಗಿದ ಅಲಗನ್ನು ತೊಟ್ಟಿಲಿನಂತೆ ತೂಗಿಸುವುದು ಒಂದು ಕೈಯವರಿಗೆ ಒಳ್ಳೆಯದು. ಒತ್ತಡ ನೇರ ಕೆಳಕ್ಕೆ ಹೋಗುತ್ತದೆ, ವಸ್ತು ಪಕ್ಕಕ್ಕೆ ಜಾರುವುದಿಲ್ಲ. ಬ್ರಿಟಿಷ್ ನೌಕಾಪತಿ ಹೊರೇಷಿಯೊ ನೆಲ್ಸನ್ 1797ರಲ್ಲಿ ಟೆನರೀಫ್‌ನ ಕಾಳಗದಲ್ಲಿ ಬಲಗೈ ಕಳೆದುಕೊಂಡ ಮೇಲೆ ಚಾಕು ಮತ್ತು ಫೋರ್ಕ್ ಒಂದೇ ಆಗಿರುವ ಉಪಕರಣ ಬಳಸುತ್ತಿದ್ದ. ಇಂದಿಗೂ ಆ ಮಾದರಿಗೆ ನೆಲ್ಸನ್ ಚಾಕು ಎಂದೇ ಹೆಸರು. ಗುಂಡಗಿರುವ ತರಕಾರಿಯನ್ನು ಮೊದಲು ಮೊಳೆಯ ಮೇಲೆಯೇ ಇಬ್ಭಾಗ ಮಾಡಿ, ಚಪ್ಪಟೆ ಬದಿ ಕೆಳಗಿಟ್ಟು ಮುಂದುವರಿಯಬೇಕು.

ಮುಚ್ಚಳಕ್ಕೆ ಬೇರೆ ಹಲಗೆ ಮಾಡಲಿಲ್ಲ. ಡಬ್ಬಿಯನ್ನು ಡ್ರಾಯರಿನೊಳಗೆ ಅಂಚಿಗೆ ನಿಲ್ಲಿಸಿ, ಡ್ರಾಯರನ್ನು ಸೊಂಟದಿಂದ ದೂಡಿ ಹಿಡಿದು ತಿರುಗಿಸಿದರೆ ಆಯಿತು. ಬಟ್ಟೆ ಹಿಂಡಲು ನಲ್ಲಿಯ ಕೊರಳಿಗೆ ಬಳಸಿ, ಎರಡು ತುದಿಯನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ತಿರುಚುವುದು. ಪೇಸ್ಟ್ ಟ್ಯೂಬನ್ನು ಮಲಗಿಸಿ ಅಂಗೈಯಿಂದ ಒತ್ತುವುದು, ಬ್ರಷ್ ಅದರ ಬಾಯಿಗೆ ಎದುರಾಗಿ ಮೊದಲೇ ಮಲಗಿರಬೇಕು.

ದಿನ 11

ಎಕ್ಸ್‌ರೇ. ಮೂಳೆ ಸರಿದಿಲ್ಲ. ಮೊದಲೆರಡು ವಾರದಲ್ಲಿ ಮತ್ತೊಮ್ಮೆ ನೋಡುವುದು ಇದಕ್ಕೇ, ಬಾವು ಇಳಿದಾಗ ಪ್ಲಾಸ್ಟರ್ ಸಡಿಲವಾಗಿ ಮೂಳೆ ಜರುಗಬಹುದು. ಕೈಯನ್ನು ಕತ್ತಿಗೆ ತೂಗುಹಾಕಿದ ಬಟ್ಟೆಯ ಸ್ಲಿಂಗಿನ ಗಂಟು ಕತ್ತಿನ ಹಿಂಭಾಗದ ಮೂಳೆಯ ಮೇಲೆ ಕೂತು ನೋಯುತ್ತಿತ್ತು. ಗಂಟನ್ನು ಪಕ್ಕಕ್ಕೆ ಸರಿಸಿ, ಅಡಿಗೆ ಮಡಚಿದ ಬಟ್ಟೆ ಇಟ್ಟ ಮೇಲೆ ಕತ್ತು ನೋವು ಹೋಯಿತು. ಭುಜ, ಮೊಣಕೈಗಳನ್ನು ದಿನಕ್ಕೆ ಹಲವು ಸಲ ಪೂರ್ತಿ ಆಡಿಸಬೇಕು, ಇಲ್ಲದಿದ್ದರೆ ಮುರಿಯದ ಕೀಲುಗಳೂ ಬಿಗಿದುಕೊಳ್ಳುತ್ತವೆ.

ದಿನ 13ರಿಂದ 16: ಉಗುರಿನ ಪೆಡಲ್

ಈ ನಾಲ್ಕು ದಿನ ಬರೆಯುವುದಕ್ಕೆ ತುಂಬ ಇದೆ, ಏಕೆಂದರೆ ಇದು ಗೆರೆ ಎಳೆದು ಪಕ್ಕಕ್ಕಿಟ್ಟ ಜಾತಿಯ ಕೆಲಸ. ಎಡಗೈ ಉಗುರು ಬಲಗೈ ಕತ್ತರಿಸುತ್ತದೆ. ಬಲಗೈ ಉಗುರು? ಇವರು ಕತ್ತರಿಸಿಕೊಡುತ್ತಿದ್ದರು, ಪ್ರೀತಿಯಿಂದಲೇ. ಆದರೂ ನನ್ನ ಉಗುರು ನಾನೇ ಕತ್ತರಿಸಿಕೊಳ್ಳಬೇಕೆಂಬ ಹಟ ಬಂತು. ಪ್ಲಾಸ್ಟರಿನಿಂದ ಹೊರಗಿರುವ ಎಡಬೆರಳುಗಳಿಂದ ನೇಲ್‌ಕಟರ್ ಒತ್ತಲು ನೋಡಿದೆ, ಮಣಿಕಟ್ಟಿನಲ್ಲಿ ಛಳಕು ಹೊಡೆಯಿತು, ಬಿಟ್ಟೆ. ನನ್ನ ಮೊದಲ ನಿಯಮವನ್ನು ಮುರಿಯಲು ಹೊರಟಿದ್ದೆ.

ಮೊದಲ ಉಪಾಯ ಅತಿ ಸುಲಭದ್ದು. ಮರದ ತುಂಡಿಗೆ ನುಣುಪು ಉಪ್ಪುಕಾಗದ ಅಂಟಿಸಿ, ಮೇಜಿಗೆ ಕ್ಲಾಂಪ್ ಮಾಡಿ, ಉಗುರನ್ನೇ ಅದರ ಮೇಲೆ ಉಜ್ಜುವುದು. ಕೆಲಸ ಮಾಡುತ್ತದೆ. ಎರಡು ದಿನಕ್ಕೊಮ್ಮೆ ಉಜ್ಜುವ ತಾಳ್ಮೆ ಇದ್ದವರಿಗೆ ಇದೇ ಸಾಕು, ಮುಂದಿನದ್ದು ಬೇಡವೇ ಬೇಡ.

ನನಗೆ ಬೇಕಿದ್ದದ್ದು ಕಾಲಿನಿಂದ ಒತ್ತುವ ನೇಲ್‌ಕಟರ್. ದೊಡ್ಡ ಅಳತೆಯ ಕಟರನ್ನು 150 × 60 ಮಿ.ಮೀ. ಮರದ ತುಂಡಿನ ಮೇಲೆ ಕೂರಿಸಿದೆ. ಬಾಲದಲ್ಲಿರುವ ಕೀಚೈನ್ ತೂತಿನಲ್ಲಿ ಒಂದು ಸ್ಕ್ರೂ, ಮೈಯ ಎರಡೂ ಪಕ್ಕದಲ್ಲಿ ತಾಗಿಕೊಂಡು ಇನ್ನೆರಡು, ಪಕ್ಕಕ್ಕೆ ತಿರುಗದಂತೆ. ಮೇಲಿನ ಒತ್ತುಗೋಲಿನ ತುದಿಗೆ ದಾರ ಕಟ್ಟಿ, ತುಂಡಿನಲ್ಲಿ ಕೊರೆದ ತೂತಿನ ಮೂಲಕ ಕೆಳಗಿಳಿಸಿ, ಕೊನೆಯಲ್ಲಿ ಪಾದ ತೂರುವಷ್ಟು ದೊಡ್ಡ ಕುಣಿಕೆ. ಪಾದ ಕೆಳಗೆ ಒತ್ತಿದರೆ ಗೋಲು ಇಳಿದು ಬಾಯಿ ಮುಚ್ಚುತ್ತದೆ, ಬಿಟ್ಟರೆ ಕಟರಿನ ಸ್ಪ್ರಿಂಗೇ ಮೇಲೆತ್ತುತ್ತದೆ.

ಕಟರಿನ ಬಾಯಿ ನನ್ನ ಕಡೆ ಇರಬೇಕು, ಗೋಲಿನ ತುದಿ ಮೇಜಿನ ಹೊರಗೆ ಇರಬೇಕು. ಆದರೆ ಅವೆರಡೂ ಎದುರುಬದುರು ತುದಿಗಳು. ಮೊದಲ ದಿನ ಗೋಲನ್ನು ನನ್ನ ಕಡೆ ಚಾಚಿಸಿದ್ದರಿಂದ ಬಾಯಿ ಆಚೆ ಹೋಯಿತು, ಬಲಗೈಯನ್ನು ಸುತ್ತುಹಾಕಿ ತಿರುಚಿ ತರಬೇಕಾಯಿತು. ಪರಿಹಾರ ಮೇಜಿನ ಎಡ ಮೂಲೆ. ತುಂಡನ್ನು ನನಗೆ ಸಮಾನಾಂತರವಾಗಿ ಇಟ್ಟು, ಗೋಲಿನ ತುದಿ ಎಡಗಡೆ ಮೂಲೆಯಿಂದ ಹೊರಕ್ಕೆ, ಬಾಯಿ ಬಲಕ್ಕೆ. ಬಲಗೈ ಸಹಜವಾಗಿ ಬಲದಿಂದ ಬರುತ್ತದೆ, ಎಡಗಾಲು ಒತ್ತುತ್ತದೆ.

ಆಮೇಲೆ ದಾರ ಜಾರಿತು. ಗೋಲಿನ ತುದಿ ನುಣುಪು, ತೂತಿಲ್ಲ, ಗಡುಸು ಉಕ್ಕಾದ್ದರಿಂದ ಕೊರೆಯಲೂ ಬರಲಿಲ್ಲ, ಬಿಟ್ ಮೊಂಡಾಯಿತು. ಗೋಲಿನ ತುದಿಯ ಸುತ್ತ ಕಬ್ಬಿಣದ ತಂತಿಯನ್ನು ಇಕ್ಕಳದಿಂದ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ, ಕಿವಿಯಂತೆ ಒಂದು ಬಳೆ ಬಿಟ್ಟು, ಮೇಲೆ ಬಟ್ಟೆಯ ಟೇಪು ಸುತ್ತಿದೆ. ದಾರವನ್ನು ಆ ಬಳೆಗೆ ಕಟ್ಟಿದೆ. ಒಂದೇ ಕೈಯಲ್ಲಿ ಗಂಟು ಹಾಕುವುದಕ್ಕೆ ಹಲ್ಲು ಬೇಕು. ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಹಿಡಿದು ಇನ್ನೊಂದನ್ನು ಸುತ್ತುವುದು.

ಕೊನೆಯ ಭಯ: ಕಾಲಿಗೆ ಬೆರಳಿನ ನಯ ಇಲ್ಲ. ಎಷ್ಟು ಒತ್ತಿದೆ ಅನ್ನುವುದು ತಿಳಿಯುವುದಿಲ್ಲ. ಹಾಗಾಗಿ ಮೊದಲು ರಟ್ಟಿನ ಚೂರುಗಳನ್ನು ಐವತ್ತು ಸಲವಾದರೂ ಕತ್ತರಿಸಿ ಕಾಲಿಗೆ ಕಲಿಸಿದೆ. ಉಗುರು ಬಾಯಿಗಿಟ್ಟು, ಚರ್ಮ ಸಿಕ್ಕಿಲ್ಲವೆಂದು ಕಣ್ಣಿನಿಂದ ನೋಡಿ, ಆಮೇಲಷ್ಟೇ ಕಾಲು. 16ನೇ ದಿನ ಸಂಜೆ ಐದೂ ಉಗುರು ಕತ್ತರಿಸಿಕೊಂಡೆ. ಹೆಬ್ಬೆರಳಿನದು ಸೊಟ್ಟಗಾಯಿತು, ಉಪ್ಪುಕಾಗದ ಅದನ್ನು ಸರಿಮಾಡಿತು.

ಮಗಳು ಕುಣಿಕೆಗೆ ತನ್ನ ಕಾಲನ್ನೂ ತೂರಿ, "ಅಮ್ಮಾ, ನಂಗೂ ಬೇಕು ಇದು, ನನ್ ಬಲಗೈ ಉಗುರು ಯಾವಾಗ್ಲೂ ಸರಿ ಬರಲ್ಲ" ಅಂದಳು.

ದಿನ 18: ಎಲೆಗಂಬಿ

ಮೂರನೇ ವಾರದಲ್ಲಿ ನೋವಿಗಿಂತ ಹೊತ್ತು ಹೋಗದಿರುವುದು ಹೆಚ್ಚು ಕಾಡಿತು. ರಾತ್ರಿ ಊಟವಾದ ಮೇಲೆ ನಾವು ಮೂವರೂ ಇಸ್ಪೀಟ್ ಆಡುತ್ತಿದ್ದೆವು. ಎಲೆ ಹಿಡಿಯುವುದು ಎಡಗೈ, ಎಸೆಯುವುದು ಬಲಗೈ. ಪ್ಲಾಸ್ಟರಿನ ಬೆರಳ ಸಂದಿಗೆ ಸಿಕ್ಕಿಸಿದರೆ ಎಲ್ಲವೂ ಒಟ್ಟಿಗೆ ಉದುರುತ್ತವೆ. "ಅಮ್ಮಾ, ನಿನ್ ಎಲೆ ಎಲ್ಲಾ ಕಾಣ್ತಿದೆ!" ಅಂತ ಮಗಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಎಲೆಗಂಬಿ ಅಂದರೆ 40 × 40 ಮಿ.ಮೀ. ಮರದ ಉದ್ದ ತುಂಡಿನಲ್ಲಿ ಗರಗಸದ ಒಂದು ಸೀಳು, ಅಷ್ಟೇ. ಆದರೆ ಲೆಕ್ಕ ಬೇಕು. ಸಾಮಾನ್ಯ ಪೋಕರ್ ಅಳತೆಯ ಎಲೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. 13 ಎಲೆಗಳನ್ನು ಒಂದರ ಮೇಲೊಂದು ಹೊಂದಿಸಿ, ಪ್ರತಿಯೊಂದರ ಮೂಲೆಯ ಗುರುತು ಕಾಣಲು 20 ಮಿ.ಮೀ. ಬಿಟ್ಟರೆ, ಹನ್ನೆರಡು ಸಲ 20 ಅಂದರೆ 240, ಜೊತೆಗೆ ಕೊನೆಯ ಎಲೆಯ 63. ಒಟ್ಟು 303. ನನ್ನಲ್ಲಿದ್ದ ತುಂಡು ಸರಿಯಾಗಿ 300. ಇನ್ನೊಂದು ಹುಡುಕಿ 330ಕ್ಕೆ ಕೊಯ್ದೆ. ಊರುಹಲಗೆ ಇದ್ದುದರಿಂದ ಎರಡು ನಿಮಿಷ.

ಸೀಳನ್ನು ನೇರವಾಗಿ ಹಾಕಿದರೆ ಎಲೆ ನಮ್ಮ ಕಡೆ ಬಾಗಿ ಬೀಳುತ್ತದೆ. ಆಚೆಗೆ ಸುಮಾರು 15 ಡಿಗ್ರಿ ಒರಗುವಂತೆ, 12 ಮಿ.ಮೀ. ಆಳ. ಉದ್ದಕ್ಕೂ ಓರೆಯಾಗಿ ಕೊಯ್ಯುವುದು ಒಂದು ಕೈಗೆ ಸುಲಭವಲ್ಲ. ತುಂಡಿನ ಒಂದು ಅಂಚಿನ ಕೆಳಗೆ ಬೆಣೆ ಕೊಟ್ಟು ತುಂಡನ್ನೇ ಓರೆ ಮಾಡಿ ಎರಡು ಕ್ಲಾಂಪ್ ಹಾಕಿದೆ. ಆಗ ಗರಗಸವನ್ನು ನೇರ ನಿಲ್ಲಿಸಿಯೇ ಕೊಯ್ದರೆ ಸೀಳು ತಾನೇ ಓರೆ. ಪಕ್ಕದಲ್ಲಿ ಒಂದು ಪಟ್ಟಿಯನ್ನು ಬಿಗಿದು ಗರಗಸಕ್ಕೆ ದಾರಿ ಮಾಡಿಕೊಟ್ಟೆ. ಕ್ಲಾಂಪ್ ಇದ್ದುದರಿಂದ ನನ್ನ ಎಳೆಯುವ ಗರಗಸಕ್ಕೂ ಕೊನೆಗೂ ಕೆಲಸ ಸಿಕ್ಕಿತು.

ಎಲೆ ಹಾಕಿದರೆ ಹೋಗಲಿಲ್ಲ. ಗರಗಸದ ಸೀಳು ಒಂದು ಮಿಲಿಮೀಟರಿಗಿಂತ ಕಡಿಮೆ. ಒಂದು ಎಲೆ ಸುಮಾರು 0.3 ಮಿ.ಮೀ. ದಪ್ಪ, ಆದರೆ ಹೀಗೆ ಹೊಂದಿಸಿದಾಗ ಯಾವ ಜಾಗದಲ್ಲಿ ನೋಡಿದರೂ ಮೂರು ನಾಲ್ಕು ಎಲೆ ಒಂದರ ಮೇಲೊಂದು ಇರುತ್ತವೆ, ಅಂದರೆ 1.2 ಮಿ.ಮೀ. ಉಪ್ಪುಕಾಗದವನ್ನು ಎರಡು ಪದರ ಮಡಚಿ ಸೀಳಿನಲ್ಲಿ ಹಿಂದೆಮುಂದೆ ಎಳೆದು ಎರಡು ಮಿ.ಮೀ.ಗೆ ಅಗಲಿಸಿದೆ. ಈಗ ಎಲೆ ಸಲೀಸಾಗಿ ಕೂರುತ್ತದೆ, ಒಂದನ್ನು ಎಳೆದರೆ ಪಕ್ಕದ್ದು ಏಳುವುದಿಲ್ಲ. ಅಡಿಗೆ ರಬ್ಬರ್ ಚೂರು.

ಕಲೆಸುವುದಕ್ಕೆ ಕಟ್ಟನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸುತ್ತ ತಿರುಗಿಸಿ, ಒಟ್ಟುಗೂಡಿಸುವುದು. ಒಂದು ಕೈಯಲ್ಲೇ ಕಟ್ಟನ್ನು ಎರಡಾಗಿ ಮುರಿದು ಮೇಲೆಕೆಳಗು ಮಾಡುವ ಶಾರ್ಲಿಯೆ ಕಟ್ ಎಂಬ ಕೈಚಳಕವಿದೆ. ಹೆಬ್ಬೆರಳು ಸಡಿಲಿಸಿ ಕೆಳಗಿನ ಅರ್ಧವನ್ನು ಅಂಗೈಗೆ ಬೀಳಿಸಿ, ತೋರುಬೆರಳಿನಿಂದ ಅದನ್ನು ಮೇಲೆತ್ತಿ ದಾಟಿಸುವುದು. ಹತ್ತು ದಿನ ಹಾಸಿಗೆಯಲ್ಲಿ ಕೂತು ಕಲಿತೆ. ಎಷ್ಟೋ ಸಂಜೆಗಳು ಅದರಲ್ಲೇ ಸುಖವಾಗಿ ಕಳೆದವು.

ದಿನ 22

ಪುಸ್ತಕಕ್ಕೆ ಓರೆ ಹಲಗೆ, ಪುಟ ಮುಚ್ಚದಂತೆ ಅಗಲದ ಎಲಾಸ್ಟಿಕ್. ಕೇಳುವುದಕ್ಕೆ ಲಿಬ್ರಿವಾಕ್ಸ್, 2005ರಲ್ಲಿ ಶುರುವಾದ ತಾಣ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ದಾಖಲಿಸಿ ಉಚಿತವಾಗಿ ಕೊಡುತ್ತಾರೆ. ಕಣ್ಣು ಮುಚ್ಚಿ ಕೈ ದಿಂಬಿನ ಮೇಲಿಟ್ಟುಕೊಂಡು ಕೇಳುವಾಗ ಯಾವ ಸಾಧನವೂ ಬೇಡ.

ಟೈಪಿಂಗ್ ಬೇರೆ ಕಥೆ. ಭಾರತೀಯ ಭಾಷೆಗಳಿಗಾಗಿ ಇರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಸ್ವರಗಳು ಹೆಚ್ಚುಕಡಿಮೆ ಎಡಗಡೆ, ವ್ಯಂಜನಗಳು ಹೆಚ್ಚಾಗಿ ಬಲಗಡೆ. ಕನ್ನಡದ ಅಕ್ಷರ ವ್ಯಂಜನ ಸ್ವರ ಸೇರಿ ಆಗುವುದರಿಂದ ಎರಡು ಕೈಗಳಿಗೆ ಅದು ಒಳ್ಳೆಯ ತಾಳ. ಒಂದೇ ಕೈಗಾದರೆ ಪ್ರತಿ ಗುಣಿತಕ್ಕೂ ಆಚೆಯಿಂದ ಈಚೆಗೆ ಹಾರಾಟ. ಮಹಾಪ್ರಾಣಕ್ಕೆ ಶಿಫ್ಟ್ ಹಿಡಿದೇ ಒತ್ತಬೇಕು. ವಿಂಡೋಸಿನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕೇ ಎಂದು ಕೇಳುತ್ತದೆ. ಒಪ್ಪಿದರೆ ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಿದರೂ ನಡೆಯುತ್ತದೆ. ನನಗೆ ಇದರಿಂದ ಅರ್ಧ ಕಷ್ಟ ಇಳಿಯಿತು. ಉದ್ದದ ಬರಹವನ್ನು ಫೋನಿಗೆ ಹೇಳಿ ಬರೆಸಿ, ತಿದ್ದುವುದನ್ನು ಮಾತ್ರ ಕೀಲಿಮಣೆಯಲ್ಲಿ ಮಾಡಿದೆ. ಈ ಟಿಪ್ಪಣಿಯ ಮೊದಲರ್ಧ ಹಾಗೇ ಆದದ್ದು.

ಸಂಗೀತಕ್ಕೆ ಮೌತ್ ಆರ್ಗನ್. ಬಾಯಿಗೆ ಹಿಡಿಯಲು ಒಂದು ಕೈ ಸಾಕು. ಪಿಯಾನೊ ಇದ್ದವರಿಗೆ ಒಂದೇ ಕೈಗಾಗಿ ಬರೆದ ಸಂಗೀತವೇ ಇದೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್‌ಗಾಗಿ ಫ್ರೆಂಚ್ ಸಂಗೀತ ರಚನೆಕಾರ ಮೋರಿಸ್ ರಾವೆಲ್ ಎಡಗೈಯೊಂದರ ಕಾನ್ಸರ್ಟೊ (ವಾದ್ಯವೃಂದದ ಜೊತೆ ನುಡಿಸುವ ಕೃತಿ) ಬರೆದ, ಅದು 1932ರಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಬಂತು. ಹೆಡ್‌ಫೋನ್ ಹಾಕಿ ಕೇಳಿ ನೋಡಿ, ನುಡಿಸುತ್ತಿರುವುದು ಐದೇ ಬೆರಳು ಎಂದು ನಂಬಲಾಗುವುದಿಲ್ಲ.

ದಿನ 27

ಸ್ನಾನ, ಬಟ್ಟೆಯ ಬಗ್ಗೆ ಮೊದಲೇ ಬರೆಯಬೇಕಿತ್ತು, ಯಾರಿಗಾದರೂ ಮೊದಲ ದಿನವೇ ಬೇಕಾಗುವುದು ಇದು. ಬಟ್ಟೆ ಹಾಕುವಾಗ ನೋವಿನ ಕೈ ಮೊದಲು ತೋಳಿಗೆ, ತೆಗೆಯುವಾಗ ನೋವಿನ ಕೈ ಕೊನೆಗೆ. ಸ್ನಾನಕ್ಕೆ ಪ್ಲಾಸ್ಟರಿನ ಮೇಲೆ ಟವೆಲ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲ, ಪ್ರತಿಯೊಂದನ್ನೂ ಬೇರೆ ಬೇರೆ ಜಾಗದಲ್ಲಿ ಟೇಪ್ ಮಾಡಿ, ಕೈ ನೀರಿನಿಂದ ಹೊರಗೆ. ಬಲ ತೋಳನ್ನು ತಿಕ್ಕಲು ಗೋಡೆಯ ಕೊಕ್ಕೆಗೆ ಸೋಪು ತುಂಬಿದ ಸ್ಪಂಜನ್ನು ಬಿಗಿಯಾಗಿ ಕಟ್ಟಿ, ತೋಳನ್ನೇ ಅದಕ್ಕೆ ಉಜ್ಜಿದೆ. ಕೂದಲಿಗೆ ಕ್ಲಚ್ ಕ್ಲಿಪ್, ಜಡೆಯ ಆಸೆ ಬಿಟ್ಟೆ. ಷೂ ಲೇಸಿನ ಒಂದು ತುದಿಗೆ ಗಂಟು ಹಾಕಿ ಕೆಳಗಿನ ತೂತಿನಲ್ಲಿ ನಿಲ್ಲಿಸಿ, ಒಂದೇ ತುದಿಯನ್ನು ಓರೆಕೋರೆಯಾಗಿ ಮೇಲೆ ತಂದು, ಕೊನೆಯಲ್ಲಿ ಕುಣಿಕೆ ಮಾಡಿ ಒಳಗೆ ತೂರಿಸುವುದು.

ತುರಿಕೆಗೆ ಕಡ್ಡಿ ಹಾಕಬಾರದು. ಗಾಯವಾದರೆ ಒಳಗೇ ಕೀವಾಗುತ್ತದೆ, ಕಾಣುವುದೂ ಇಲ್ಲ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಟ್ಟು, ಹೊರಗಿನಿಂದ ತಟ್ಟಿ ಸುಧಾರಿಸಿಕೊಂಡೆ.

ದಿನ 43

ಪ್ಲಾಸ್ಟರ್ ತೆಗೆದರು. ಆ ಗರಗಸದ ಅಲಗು ತಿರುಗುವುದಿಲ್ಲ, ಸಣ್ಣ ಅಂತರದಲ್ಲಿ ವೇಗವಾಗಿ ಅದುರುತ್ತದೆ. ಗಟ್ಟಿಯಾದದ್ದು ಕೊಯ್ಯುತ್ತದೆ, ಮೆತ್ತಗಿನ ಚರ್ಮ ಅದರ ಜೊತೆಗೇ ಅಲ್ಲಾಡಿ ಉಳಿಯುತ್ತದೆ. ಗರಗಸ ಹಿಡಿಯುವವಳಾದ ನನಗೆ ಅದು ಬಹಳ ಇಷ್ಟವಾಯಿತು, ಇನ್ನೊಮ್ಮೆ ತೋರಿಸಿ ಅಂತ ಕೇಳಿದೆ.

ಒಳಗಿನ ಕೈ ಸಣಕಲಾಗಿ, ಚರ್ಮ ಹೊಟ್ಟೆದ್ದು, ಮಣಿಕಟ್ಟು ಎರಡೂ ಕಡೆ ಸ್ವಲ್ಪವೇ ಬಾಗುತ್ತಿತ್ತು. ಮೂಳೆ ಕೂಡಿದೆ ಅಂದ ಮಾತ್ರಕ್ಕೆ ಕೈ ಸಿದ್ಧವಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿ ಮಡಚುವುದು, ಅಂಗೈ ಮೇಲೆಕೆಳಗೆ ತಿರುಗಿಸುವುದು, ಮೆತ್ತನೆಯ ಸ್ಪಂಜ್ ಹಿಸುಕುವುದು. ಭಾರ ಎತ್ತಲು, ಊರಲು ಇನ್ನೂ ಅನುಮತಿ ಇಲ್ಲ. ಹಾಗಾಗಿ ಊರುಹಲಗೆ, ಚುಚ್ಚುಹಲಗೆಗಳ ಕೆಲಸ ಇನ್ನೂ ಮುಗಿದಿರಲಿಲ್ಲ.

ದಿನ 64

ನಾಲ್ಕನೇ ದಿನದ ಹಾಳೆ ತೆಗೆದು ನೋಡಿದೆ. ಇಪ್ಪತ್ತಮೂರರಲ್ಲಿ ಹತ್ತೊಂಬತ್ತಕ್ಕೆ ಅಡ್ಡಗೆರೆ. ಡಬ್ಬಿಯ ಬಿಗಿ ಮುಚ್ಚಳಕ್ಕೆ ಇನ್ನೂ ಡ್ರಾಯರೇ. ಊರುಹಲಗೆ ಇನ್ನು ಮೇಜಿನಿಂದ ಇಳಿಯುವುದಿಲ್ಲ, ಎರಡು ಕೈ ಇದ್ದಾಗಲೂ ಅದರ ಮೇಲೆ ಕೊಯ್ತ ಹೆಚ್ಚು ನೇರ. ಅದರ ಮೇಲಿನ ಪಟ್ಟಿ ಸವೆದಿದೆ, ಸ್ಕ್ರೂ ಬಿಚ್ಚಿ ಹೊಸದು ಹಾಕಬೇಕು. ಎಲೆಗಂಬಿಯನ್ನು ಮಗಳು ಬಿಟ್ಟುಕೊಡುತ್ತಿಲ್ಲ. ಅವಳ ಚಿಕ್ಕ ಕೈಗೆ ಹದಿಮೂರು ಎಲೆ ಮೊದಲಿನಿಂದಲೂ ಹೆಚ್ಚಾಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಹಾಗಾಗಿ ನಿನ್ನೆ ಇನ್ನೊಂದು ಕೊಯ್ದೆ, 330 ಮಿ.ಮೀ., 15 ಡಿಗ್ರಿ. ಮರದ ತುಂಡಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆಯುವಾಗ ಎಡಗೈ ತಾನಾಗಿ ಬಂದು ಅದರ ಮೇಲೆ ಕೂತಿತು. ಹಗುರವಾಗಿ, ಒತ್ತದೆ.